ಗೋಲು ಕಾಯುವ ನನ್ನ ಷಡ್ಡಕ

ಹೆದರಿಕೊಳ್ಳುವುದಕ್ಕಾಗಿಯೇ ಸಂಬಳ ತೆಗೆದುಕೊಳ್ಳುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಸಂಬಂಧವನ್ನೇ ಬೆಳೆಸಿದ್ದೇನೆ. ಆತ ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ಸಾಕ್ಷಾತ್ ನನ್ನ ಷಡ್ಡಕ. ಹುಟ್ಟಿದ್ದು ಝೆಕ್ ದೇಶದ ಮೊರೇವಿಯಾ ಎಂಬ ಸೀಮೆಯ ಒಂದು ಪುಟ್ಟ ಊರಿನಲ್ಲಿ. ನಮ್ಮ ಮನೆಯ ಬಾಗಿಲಿನಷ್ಟು ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ. ಉದ್ಯೋಗ, ಫುಟ್‌ಬಾಲ್ ಗೋಲ್‌ಕೀಪರ್. ಇಷ್ಟು ದೊಡ್ಡ ದೇಹದೊಳಗೆ ಅಷ್ಟು ಸಣ್ಣ ಧೈರ್ಯವನ್ನು ಇಟ್ಟುಕೊಂಡ ಇನ್ನೊಬ್ಬನನ್ನು ಈ ನೈರೋಬಿಯಲ್ಲಿ ಯಾರಾದರೂ ತೋರಿಸಿಕೊಟ್ಟರೆ, ಅವರಿಗೆ ನಮ್ಮ ಅತ್ತೆಯ ಕೈಯಡುಗೆಯ ಊಟ ನನ್ನ ಲೆಕ್ಕದಲ್ಲಿ.

ಷಡ್ಡಕ ಎಂಬ ಮಾತನ್ನು ನಾನು ಕಲಿತದ್ದು ಇದೇ ಊರಿನಲ್ಲಿ, ನಮ್ಮ ಅಜ್ಜಿಯ ಬಾಯಿಂದ. ಒಂದೇ ಮನೆಯ ಹೆಣ್ಣುಮಕ್ಕಳನ್ನು ತಂದುಕೊಂಡ ಇಬ್ಬರು ಗಂಡಸರು ಒಬ್ಬರ ಕಷ್ಟವನ್ನು ಒಬ್ಬರು ಕೇಳಿಕೊಳ್ಳಲಿ ಎಂದೇ ಆ ಭಗವಂತ ಈ ಸಂಬಂಧವನ್ನು ಮಾಡಿದ್ದಾನೆ ಎಂದು ಅಜ್ಜಿ ಹೇಳುತ್ತಿದ್ದರು. ನನ್ನ ವಿಷಯದಲ್ಲಿ ಭಗವಂತ ಸ್ವಲ್ಪ ಮೋಸ ಮಾಡಿದ. ಕಷ್ಟ ಹೇಳಿಕೊಳ್ಳುವ ಪಾಲು ಪೂರ್ತಿ ಅವನಿಗೆ ಹೋಯಿತು, ಕೇಳಿಕೊಳ್ಳುವ ಪಾಲು ಪೂರ್ತಿ ನನಗೆ ಬಂತು.

ಏನು ಕಷ್ಟ ಎನ್ನುತ್ತೀರಿ? ಯಾವುದು ಕಷ್ಟವಲ್ಲ ಎಂದು ಕೇಳಿ! ನಮ್ಮ ಮನೆಗೆ ಬಂದರೆ ಕುಳಿತುಕೊಳ್ಳುವ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸಿನ ಗುಬುಟು ತಿರುಗಿಸಿ ನೋಡಬೇಕು. ತಾರಸಿಯ ಮೇಲಿನ ನೀರಿನ ಟ್ಯಾಂಕು ಗಾಳಿಗೆ ಉರುಳಿ ಬಿದ್ದರೆ ಯಾವ ಕಡೆಗೆ ಬೀಳುತ್ತದೆ ಎಂದು ಅಂಗಳದಲ್ಲಿ ನಿಂತು ಲೆಕ್ಕ ಹಾಕಬೇಕು. ಹಾಗೆ ಬೀಳುವ ಜಾಗದಲ್ಲಿ ನಾನು ಕಾರು ನಿಲ್ಲಿಸಿದ್ದರೆ, ಬೀಗದಕೈ ಇಸಿದುಕೊಂಡು ಅದನ್ನು ಸರಿಸಿಟ್ಟು ಬರಬೇಕು. ಥೀಕಾ ರಸ್ತೆಯಲ್ಲಿ ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕುಳಿತ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮಟಾಟು ಎಂದು ಇಲ್ಲಿ ಕರೆಯುವ ಯಾವುದಾದರೂ ಬಾಡಿಗೆ ವ್ಯಾನು ಎದೆ ಮುಂದೆ ಮಾಡಿ ನುಗ್ಗಿ ಬಂತೋ, ಎರಡೂ ತೋಳು ಚಾಚಿ ಅದನ್ನು ಗಾಜಿನ ಒಳಗಿನಿಂದಲೇ ತಡೆಯಲು ಹೋಗುತ್ತಾನೆ. ಎಷ್ಟೋ ಸಲ ನನ್ನ ಕನ್ನಡಕ ಹಾರಿ ಹಿಂದಿನ ಸೀಟಿಗೆ ಬಿದ್ದಿದೆ.

ಒಮ್ಮೆ ರೇಗಿ ಕೇಳಿದೆ, ಇಷ್ಟು ಪುಕ್ಕಲುತನ ಇಟ್ಟುಕೊಂಡು ನೀನು ಗೋಲಿನಲ್ಲಿ ಹೇಗೆ ನಿಲ್ಲುತ್ತೀಯ ಎಂದು. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಡುವುದಕ್ಕೆ ಹತ್ತು ಜನ ಇದ್ದಾರಂತೆ. ಏನೇನು ಆಗಿಬಿಡಬಹುದು ಎಂದು ಯೋಚಿಸುತ್ತಾ ನಿಲ್ಲುವುದಕ್ಕೆ ಒಬ್ಬ ಬೇಕಂತೆ. ಆ ಒಬ್ಬನಿಗೆ ಕೈಗವಸು ಕೊಟ್ಟು ಬೇರೆ ಬಣ್ಣದ ಅಂಗಿ ತೊಡಿಸುತ್ತಾರಂತೆ. ಧೈರ್ಯವಂತರನ್ನು ಗೋಲಿನಲ್ಲಿ ನಿಲ್ಲಿಸಿದರೆ ತಂಡ ಮುಳುಗಿದಂತೆಯೇ ಎಂದು ನನಗೇ ಬುದ್ಧಿ ಹೇಳಿದ.

ಅವನು ಗೋಲ್‌ಕೀಪರ್ ಆದದ್ದೂ ಹೀಗೆಯೇ. ಬಾಲ್ಯದಲ್ಲಿ ಅವನನ್ನು ಮುಂದೆ ನಿಂತು ಗೋಲು ಹೊಡೆಯುವ ಜಾಗದಲ್ಲಿ ಆಡಿಸಿದ್ದರು. ಚೆನ್ನಾಗಿಯೇ ಓಡುತ್ತಿದ್ದನಂತೆ. ಆದರೆ ಚೆಂಡು ಎದುರಾಳಿಯ ಗೋಲಿನ ಹತ್ತಿರ ಹೋದಾಗೆಲ್ಲ ಇವನಿಗೆ, ಅಯ್ಯೋ ನಮ್ಮ ಗೋಲಿನ ಗತಿ ಏನು ಎಂದು ಚಿಂತೆ ಹತ್ತಿ, ಇದ್ದದ್ದನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಓಡಿ ಬಂದು ನೋಡಿಕೊಂಡು ಹೋಗುತ್ತಿದ್ದನಂತೆ. ಇದನ್ನು ಕಂಡು ಬೇಸತ್ತ ಮೇಷ್ಟ್ರು, ನೀನು ಅಲ್ಲೇ ನಿಂತುಬಿಡಪ್ಪ, ನಿನಗೂ ನೆಮ್ಮದಿ ನಮಗೂ ನೆಮ್ಮದಿ ಎಂದರಂತೆ. ನಿಂತವನು ಈ ನಲವತ್ತರ ಅಂಚಿನವರೆಗೆ ಅಲ್ಲೇ ನಿಂತ.

ನಿಂತ ಎಂದೆನೇ? ತಪ್ಪು. ಕುಳಿತ! ಅವನ ದೇಶದ ಒಂದು ದೊಡ್ಡ ತಂಡ ಅವನನ್ನು ಸೇರಿಸಿಕೊಂಡಿತು ನಿಜ, ಆದರೆ ಎರಡನೆಯ ಗೋಲ್‌ಕೀಪರ್ ಆಗಿ. ಎರಡನೆಯವನ ಕೆಲಸ ಏನೆಂದರೆ, ದಿನಾ ಬೆಳಿಗ್ಗೆ ಮೈ ಮುರಿಯುವಷ್ಟು ಅಭ್ಯಾಸ ಮಾಡಿ, ಪಂದ್ಯದ ದಿನ ಸ್ನಾನ ಮಾಡಿ ಶುಭ್ರವಾಗಿ ಬೆಂಚಿನ ಮೇಲೆ ಕುಳಿತು, ಮೊದಲನೆಯವನಿಗೆ ಏನಾದರೂ ಆಗುತ್ತದೆಯೇ ಎಂದು ಕಾಯುವುದು. ಬೇರೆಯವರಾದರೆ ಮೊದಲನೆಯವನ ಕಾಲು ಉಳುಕಲಿ ಎಂದು ಹಾರೈಸುತ್ತಿದ್ದರು. ನನ್ನ ಷಡ್ಡಕನೋ, ಅವನು ಕೆಮ್ಮಿದರೆ ಔಷಧಿ ತಂದುಕೊಡುತ್ತಿದ್ದ. ಮಳೆಯಲ್ಲಿ ಅಭ್ಯಾಸ ಮುಗಿಸಿ ಬಂದರೆ ತಾನೇ ಟವೆಲ್ ಹಿಡಿದು ನಿಲ್ಲುತ್ತಿದ್ದ. ಆ ಪುಣ್ಯಾತ್ಮ ಇವನ ಆರೈಕೆಯಲ್ಲಿ ದುಂಡಗೆ, ಗುಂಡಗೆ, ವರ್ಷಗಟ್ಟಲೆ ಒಂದು ನೆಗಡಿಯೂ ಇಲ್ಲದೆ ಆಡಿದ. ಕೊನೆಗೆ ಒಂದು ಪಂದ್ಯದಲ್ಲಿ ಯಾರನ್ನೋ ಕೆಡವಿ ಕೆಂಪು ಕಾರ್ಡು ತಿಂದು ಅವನು ಹೊರಗೆ ಬಂದಾಗ, ನಡುಗುತ್ತಾ ಒಳಗೆ ಹೋದ ನಮ್ಮವನ ಎದುರಿಗೆ ಮೊದಲ ಚೆಂಡೇ ಪೆನಾಲ್ಟಿ. ತಡೆದ! ಇಡೀ ಮೈದಾನ ಎದ್ದು ನಿಂತಿತಂತೆ. ತಡೆದ ಸಂತೋಷಕ್ಕೆ ಇವನಿಗೆ ಜ್ವರ ಬಂದು, ಮುಂದಿನ ಪಂದ್ಯಕ್ಕೆ ಮೂರನೆಯ ಗೋಲ್‌ಕೀಪರನ್ನು ಹುಡುಕಬೇಕಾಯಿತು.

ಅಲ್ಲಿಂದ ಪಕ್ಕದ ಸ್ಲೊವಾಕಿಯಾದಲ್ಲಿ ಒಂದು ಬೆಂಚು, ಆಮೇಲೆ ಸೈಪ್ರಸ್‌ನಲ್ಲಿ ಬಿಸಿಲು ಹೊಡೆಯುವ ಇನ್ನೊಂದು ಬೆಂಚು. ಹೀಗೆ ಬೆಂಚಿನಿಂದ ಬೆಂಚಿಗೆ ಬಡ್ತಿ ಪಡೆಯುತ್ತಿದ್ದಾಗ ನೈರೋಬಿಯ ಒಂದು ತಂಡದಿಂದ ಕರೆ ಬಂತು. ಇಲ್ಲಿ ಒಂದನೇ ನಂಬರಿನ ಅಂಗಿ ಕೊಡುತ್ತೇವೆ ಎಂದರು. ಆಫ್ರಿಕಾ ಎಂದ ಕೂಡಲೇ ಅವನು ಸೊಳ್ಳೆಪರದೆ, ಹಾವಿನ ಕಡಿತಕ್ಕೆ ಪಟ್ಟಿ, ನೀರು ಶುದ್ಧಿ ಮಾಡುವ ಗುಳಿಗೆ, ಟಾರ್ಚು, ಟಾರ್ಚಿಗೆ ಬ್ಯಾಟರಿ, ಬ್ಯಾಟರಿ ಮುಗಿದರೆ ಎಂದು ಮೇಣದಬತ್ತಿ, ಎಲ್ಲವನ್ನೂ ತುಂಬಿಕೊಂಡು ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಇಳಿದ. ಬಂದು ನೋಡಿದರೆ ಜುಲೈ ತಿಂಗಳ ನೈರೋಬಿ. ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಾರೆ, ಸೊಳ್ಳೆಯ ಸುಳಿವಿಲ್ಲ. ಸ್ವೆಟರನ್ನು ಅವನು ತಂದಿರಲಿಲ್ಲ. ಆಟದ ಬೂಟನ್ನೂ ತಂದಿರಲಿಲ್ಲ!

ಇನ್ನು ಮದುವೆಯ ಕಥೆ. ನನ್ನ ನಾದಿನಿ ರಿವರ್‌ಸೈಡ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಬೆರಳು ಮುರಿದುಕೊಂಡು ಅಲ್ಲಿಗೆ ಬಂದ ಇವನು, ಬೆರಳು ಸರಿಹೋದ ಮೇಲೂ ಬರುತ್ತಲೇ ಇದ್ದ. ಮುಂದಿನದನ್ನು ನಾನು ವಿವರಿಸಬೇಕಾಗಿಲ್ಲ. ವಿಷಯ ನಮ್ಮ ಅತ್ತೆಯ ಕಿವಿಗೆ ಬಿದ್ದಾಗ ಮಾತ್ರ ಮನೆಯಲ್ಲಿ ಎರಡು ದಿನ ಒಗ್ಗರಣೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ನಮ್ಮ ಜೊತೆಗೇ ಇರುವ ಅತ್ತೆಯವರು ಈ ಊರಿನಲ್ಲಿ ಶಾಲೆಯ ಟೀಚರ್ ಆಗಿ ನಿವೃತ್ತರಾದವರು, ಪ್ರಪಂಚ ಕಂಡವರು. ವಿದೇಶಿ ಅಳಿಯ ಎಂಬುದು ಅವರಿಗೆ ಅಷ್ಟು ದೊಡ್ಡ ಸಮಸ್ಯೆ ಆಗಿರಲಿಲ್ಲ. ಅವರ ಸಮಸ್ಯೆ ಬೇರೆ.

"ಚೆಂಡು ಹಿಡಿಯೋದು ಕೆಲಸ ಅಂತೀರಿ. ಸರಿ. ಚೆಂಡು ಬರದೇ ಇರೋ ಹೊತ್ನಲ್ಲಿ ಏನ್ ಮಾಡ್ತಾನೆ?" ಎಂದು ನನ್ನನ್ನು ಕೇಳಿದರು.

"ಬರತ್ತೇನೋ ಅಂತ ಯೋಚನೆ ಮಾಡ್ತಾ ಇರ್ತಾನೆ ಅತ್ತೆ" ಎಂದೆ.

ಅತ್ತೆಯವರ ಮುಖ ಸ್ವಲ್ಪ ಸಡಿಲವಾದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು. ಏಕೆಂದರೆ ಬಾರದ ಕಷ್ಟವನ್ನು ಯೋಚಿಸುವುದರಲ್ಲಿ ಅವರೂ ಪಳಗಿದ ಕೈ.

ಅವನು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಾವೆಲ್ಲ ಹಜಾರದಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಬಾಗಿಲಲ್ಲಿ ನಿಂತ. ಒಳಗೆ ಕಾಲಿಡುವ ಮುಂಚೆ ತಲೆ ಬಗ್ಗಿಸಿ, ಬಾಗಿಲಿನ ಚೌಕಟ್ಟಿನ ಎಡಗಡೆಯನ್ನು ಒಮ್ಮೆ ಮುಟ್ಟಿದ, ಬಲಗಡೆಯನ್ನು ಒಮ್ಮೆ ಮುಟ್ಟಿದ, ಆಮೇಲೆ ಹೊಸ್ತಿಲನ್ನು ತುಳಿಯದೆ ದಾಟಿ ಬಂದ. ಅತ್ತೆಯವರು ನನ್ನ ಕಡೆ ತಿರುಗಿದರು.

"ನೋಡಿದ್ರಾ. ಹೊಸ್ತಿಲಿಗೆ ಹೇಗೆ ನಮಸ್ಕಾರ ಮಾಡಿ ಬಂದ. ನೀವು ಈ ಮನೆ ಅಳಿಯ ಆಗಿ ಇಷ್ಟು ವರ್ಷ ಆಯ್ತು, ಒಂದು ದಿನ ಮಾಡಿದ್ದುಂಟಾ?"

ಗೋಲ್‌ಕೀಪರುಗಳ ಚಾಳಿ ಅದು ಎಂದು ನನಗೆ ಗೊತ್ತಿತ್ತು. ಬೆನ್ನ ಹಿಂದಿನ ಕಂಬ ಅವರಿಗೆ ಕಾಣುವುದಿಲ್ಲವಲ್ಲ. ತಾನು ನಿಂತಿರುವುದು ಸರಿಯಾಗಿ ಮಧ್ಯದಲ್ಲೇ ಎಂದು ಖಚಿತ ಮಾಡಿಕೊಳ್ಳಲು ಆಗಾಗ ಎರಡೂ ಕಂಬಗಳನ್ನು ಮುಟ್ಟಿ ನೋಡುತ್ತಾರೆ. ಇವನಿಗೆ ಅದು ಯಾವ ಮಟ್ಟಕ್ಕೆ ಹತ್ತಿತ್ತೆಂದರೆ, ಬ್ಯಾಂಕಿನ ಬಾಗಿಲು, ಲಿಫ್ಟಿನ ಬಾಗಿಲು, ಬಚ್ಚಲಿನ ಬಾಗಿಲು ಯಾವುದನ್ನೂ ಬಿಡುತ್ತಿರಲಿಲ್ಲ. ನಾದಿನಿ ನನ್ನ ಕಡೆ ನೋಡಿ, ಬಾಯಿ ಬಿಟ್ಟರೆ ಕೊಂದೇನು ಎಂಬಂತೆ ಕಣ್ಣು ಮಾಡಿದಳು. ನಾನು ಬಾಯಿ ಬಿಡಲಿಲ್ಲ. ಹೀಗೆ ಹೊಸ್ತಿಲಿನ ಮೇಲೇ ಮದುವೆ ನಿಶ್ಚಯವಾಯಿತು.

ಆ ದಿನದ ಊಟವನ್ನು ನೀವು ನೋಡಬೇಕಿತ್ತು! ಯೂರೋಪಿನ ದೊಡ್ಡ ದೊಡ್ಡ ಕಾಲುಗಳು ಒದ್ದ ಚೆಂಡುಗಳನ್ನು ತಡೆದ ಮಹಾಶಯ, ನಮ್ಮ ಅತ್ತೆಯ ಪಾಯಸದ ಸೌಟನ್ನು ತಡೆಯಲಾರದೆ ಹೋದ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಅತ್ತೆಯವರು ನನ್ನ ತಟ್ಟೆಯ ಕಡೆ ನೋಡುತ್ತಾ, ನನ್ನ ಕಡೆಗೇ ಸೌಟು ತೂಗಿದರು. ಅವನು ಕೈ ಒಂದಿಷ್ಟು ಸಡಿಲ ಮಾಡಿದನೋ ಇಲ್ಲವೋ, ಸೌಟು ಗಾಳಿಯಲ್ಲೇ ತಿರುಗಿ ಅವನ ತಟ್ಟೆಯಲ್ಲಿ ಬರಿದಾಯಿತು. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ! ಊಟ ಮುಗಿಸಿ ಸೋಫಾದಲ್ಲಿ ಒರಗಿದ ಷಡ್ಡಕ, ಇಂಥ ಸ್ಟ್ರೈಕರ್ ತನ್ನ ದೇಶದಲ್ಲಿ ಹುಟ್ಟಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ.

ಮದುವೆಯಾಗಿ ಪಕ್ಕದ ಬೀದಿಯಲ್ಲೇ ಮನೆ ಮಾಡಿದರು. ಬೆಳಿಗ್ಗೆ ಅಭ್ಯಾಸ ಮುಗಿದರೆ ಮಧ್ಯಾಹ್ನವೆಲ್ಲ ಅವನಿಗೆ ಬಿಡುವು. ನಾವೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದೆವು. ಆ ಬಿಡುವಿನಲ್ಲಿ ಅತ್ತೆ ಮತ್ತು ಅಳಿಯ ಅಡುಗೆಮನೆಯ ಮೇಜಿನ ಎದುರು ಬದುರು ಕುಳಿತು, ಹುರುಳಿಕಾಯಿ ಸೋಸುತ್ತಾ, ಜಗತ್ತಿನಲ್ಲಿ ಏನೇನು ಅನಾಹುತ ಆಗಬಹುದು ಎಂದು ಚರ್ಚೆ ಮಾಡುತ್ತಿದ್ದರು. ನಾನು ಕಚೇರಿಯಿಂದ ಐದು ನಿಮಿಷ ತಡವಾದರೆ ಇಬ್ಬರೂ ಗೇಟಿನಲ್ಲಿ ನಿಂತಿರುತ್ತಿದ್ದರು. ಒಬ್ಬರ ಚಿಂತೆಗೆ ಇನ್ನೊಬ್ಬರು ಎಣ್ಣೆ ಹೊಯ್ಯುತ್ತಾ, ಅದೆಷ್ಟು ಅನ್ಯೋನ್ಯ! ನನ್ನನ್ನು ಇಂದಿಗೂ ಬಹುವಚನದಲ್ಲಿ ಮಾತಾಡಿಸುವ ಅತ್ತೆ, ಅವನನ್ನು ಎರಡೇ ವಾರದಲ್ಲಿ "ಏನಪ್ಪಾ, ತಿಂದ್ಯಾ?" ಎಂದು ಏಕವಚನಕ್ಕೆ ಇಳಿಸಿಕೊಂಡುಬಿಟ್ಟರು. ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವನ ಕನ್ನಡದ ಬಾಲಪಾಠವೂ ಆ ಮೇಜಿನ ಮುಂದೆಯೇ ನಡೆಯಿತು. ಅತ್ತೆ ಅವನೊಂದಿಗೆ ಆಡುವ ಮಾತೆಲ್ಲ ಏಕವಚನ, ಹಾಗಾಗಿ ಅವನಿಗೆ ಬರುವುದೂ ಅದೊಂದೇ. ಅತ್ತೆಗೂ "ಅಮ್ಮ, ನೀನು ಕೂತ್ಕೋ" ಎನ್ನುತ್ತಾನೆ. ಇಲ್ಲಿನ ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಎಂಬತ್ತು ದಾಟಿದ ಡಾಕ್ಟರೊಬ್ಬರ ಹೆಗಲ ಮೇಲೆ ಕೈಯಿಟ್ಟು, "ಹುಷಾರಾಗಿ ಹೋಗು ಆಯ್ತಾ? ಮೆಟ್ಲು ನೋಡ್ಕೊಂಡು ಇಳಿ" ಎಂದ. ಡಾಕ್ಟರರು ಆನಂದದಿಂದ ಕಣ್ಣು ಒರೆಸಿಕೊಂಡರು. ಅವರನ್ನು ಹಾಗೆ ಮಾತಾಡಿಸುವವರು ಯಾರೂ ಉಳಿದಿರಲಿಲ್ಲವಂತೆ.

ಮಾತು ಮಾತ್ರವಲ್ಲ, ಅದರ ರಾಗವನ್ನೂ ಅವನು ಅತ್ತೆಯಿಂದಲೇ ಕಲಿತ. ಅತ್ತೆಯವರು ಗಾಬರಿಯಾದಾಗ ದನಿಯನ್ನು ಮೇಲಕ್ಕೆ ಏರಿಸಿ ಕೊನೆಯಲ್ಲಿ ಎಳೆಯುತ್ತಾರೆ: "ಹುಷಾರೂ", "ಬಿಡೂ". ಈ ಆಜಾನುಬಾಹು ಕೂಡ ಅದೇ ಕೀರಲು ದನಿಯಲ್ಲಿ, ಅದೇ ಎಳೆತದಲ್ಲಿ ಹೇಳುತ್ತಾನೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರು ಯಾರೆಂದು ನನಗೇ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಈ ಕನ್ನಡವನ್ನು ಅವನು ಎಲ್ಲಿಗೆ ಒಯ್ದ ಗೊತ್ತೇ? ಮೈದಾನಕ್ಕೆ! ಗೋಲ್‌ಕೀಪರ್ ಆದವನು ತನ್ನ ಮುಂದಿರುವ ಡಿಫೆಂಡರುಗಳಿಗೆ ಪಂದ್ಯದುದ್ದಕ್ಕೂ ಕೂಗಿ ಹೇಳುತ್ತಲೇ ಇರಬೇಕು: ಮುಂದೆ ಬಾ, ಹಿಂದೆ ಒಬ್ಬನಿದ್ದಾನೆ ನೋಡು, ದೂರಕ್ಕೆ ಹೊಡಿ, ಈ ಚೆಂಡು ನನ್ನದು ನೀನು ಬಿಡು. ಸ್ವಾಹಿಲಿಯಲ್ಲಿ ಕೂಗಿದರೆ ಎದುರಾಳಿಗೂ ಅರ್ಥವಾಗುತ್ತದೆ, ಇಂಗ್ಲಿಷೂ ಹಾಗೆಯೇ. ಝೆಕ್ ಭಾಷೆಯಲ್ಲಿ ಕೂಗಿದರೆ ತನ್ನವರಿಗೂ ಅರ್ಥವಾಗುವುದಿಲ್ಲ. ಹೀಗೆ ತಲೆಕೆಡಿಸಿಕೊಂಡಿದ್ದವನಿಗೆ ಹುರುಳಿಕಾಯಿ ಸೋಸುವಾಗ ಜ್ಞಾನೋದಯವಾಯಿತು. "ಬಾ", "ಹಿಂದೆ", "ಹೊಡಿ", "ಬಿಡು", "ಹುಷಾರು". ಐದು ಮಾತು ಸಾಕಲ್ಲ! ಒಂದು ತಿಂಗಳಲ್ಲಿ ಕಿಸುಮು ಕಡೆಯ, ಮಚಾಕೋಸ್ ಕಡೆಯ ಗಟ್ಟಿಮುಟ್ಟಾದ ಡಿಫೆಂಡರುಗಳೆಲ್ಲ ಅತ್ತೆಯ ರಾಗದಲ್ಲಿ ಕನ್ನಡ ಕಲಿತರು. ಎದುರಾಳಿಗಳು ಕಕ್ಕಾಬಿಕ್ಕಿ. ಎತ್ತರದ ಮುಖ್ಯ ಡಿಫೆಂಡರ್ ಒಬ್ಬ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ, ಬಿಸಿ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದ ಅತ್ತೆಯನ್ನು ನೋಡಿ "ಹುಷಾರೂ" ಎಂದ. ಅತ್ತೆಯವರು ಪಾತ್ರೆ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟಾದರೂ ಅತ್ತೆಯವರು ಒಂದು ಪಂದ್ಯವನ್ನೂ ನೋಡಿರಲಿಲ್ಲ. ನೋಡುವ ಎದೆ ಅವರಿಗೆ ಇರಲಿಲ್ಲ. ಪಂದ್ಯದ ಹೊತ್ತಿನಲ್ಲಿ ಫೋನನ್ನು ಅಕ್ಕಿಡಬ್ಬದ ಮೇಲೆ ಮಕಾಡೆ ಇಟ್ಟು, ಮುಗಿಯಿತು ಎಂದು ನಾನು ಹೇಳುವವರೆಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಗೆದ್ದರೋ ಸೋತರೋ ಕೇಳುತ್ತಿರಲಿಲ್ಲ. "ಪೆಟ್ಟಾಯ್ತಾ?" ಇದೊಂದೇ ಪ್ರಶ್ನೆ.

ಹೀಗೆ ನಗುನಗುತ್ತಾ ಇರುವಾಗ ಈ ವರ್ಷ ತಂಡದ ಗ್ರಹಚಾರ ಕೆಟ್ಟಿತು. ಸೋಲಿನ ಮೇಲೆ ಸೋಲು. ಮೇಲಿನ ಲೀಗಿನಿಂದ ಕೆಳಗಿನದಕ್ಕೆ ಜಾರುವ ಅಂಚಿಗೆ ಬಂದು ನಿಂತರು. ಕ್ಲಬ್ಬಿನವರು ಷಡ್ಡಕನನ್ನು ಕರೆದು ಇದ್ದದ್ದು ಇದ್ದಂತೆ ಹೇಳಿದರು. ಆಡುವ ವಯಸ್ಸು ಹೇಗೂ ಮುಗಿಯಿತು. ತಂಡ ಮೇಲೇ ಉಳಿದರೆ ಅವನನ್ನೇ ಗೋಲ್‌ಕೀಪರುಗಳ ಕೋಚ್ ಆಗಿ ಇಟ್ಟುಕೊಳ್ಳುತ್ತಾರೆ, ವರ್ಕ್ ಪರ್ಮಿಟ್ ಮುಂದುವರಿಯುತ್ತದೆ. ಕೆಳಗೆ ಜಾರಿದರೆ ಕೋಚೂ ಇಲ್ಲ, ಪರ್ಮಿಟ್ಟೂ ಇಲ್ಲ. ಮೊರೇವಿಯಾದ ಅವನ ಊರಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಒಂದು ಕಾದಿತ್ತು. ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೊರಡಬೇಕು. ಉಳಿದಿರುವುದು ಒಂದೇ ಪಂದ್ಯ. ಗೆಲ್ಲಬೇಕೆಂದಿಲ್ಲ, ಸೋಲದಿದ್ದರೆ ಸಾಕು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಹೋಗಬೇಡಿ ಎಂದು ಅತ್ತೆಯವರು ಮಗಳಿಗಾಗಲಿ ಅಳಿಯನಿಗಾಗಲಿ ಒಂದು ಮಾತು ಹೇಳಲಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಹತ್ತಿರ ಹೇಳಿದರು. ಅಲ್ಲಿ ಚಳಿಯಂತೆ, ಇವಳಿಗೆ ಸೈನಸ್ಸು. ಅಲ್ಲಿ ಮನೆಯವರೆಲ್ಲ ಬೆಳಗಿನ ತಿಂಡಿಗೆ ತಣ್ಣಗಿನ ಬ್ರೆಡ್ಡು ತಿನ್ನುತ್ತಾರಂತೆ, ಇವನಿಗೆ ಬಿಸಿ ದೋಸೆ ಅಭ್ಯಾಸವಾಗಿಬಿಟ್ಟಿದೆಯಲ್ಲ. ಆ ಊರಿನವನಿಗೇ ಆ ಊರು ಒಗ್ಗುವುದಿಲ್ಲ ಎಂದು ವಾದಿಸುತ್ತಿದ್ದ ಅತ್ತೆಗೆ ನಾನು ಹೂಂ ಎನ್ನುತ್ತಿದ್ದೆ. ಯಾರೂ ಸರಿಸದ ನನ್ನ ಕಾರು ಟ್ಯಾಂಕಿನ ಕೆಳಗೆ ಅನಾಥವಾಗಿ ನಿಂತಿರುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು.

ಪಂದ್ಯದ ದಿನ ಬೆಳಿಗ್ಗೆ ಅತ್ತೆಯವರು ರೇಷ್ಮೆ ಸೀರೆ ಉಟ್ಟು, ಮೇಲೆ ಕಾರ್ಡಿಗನ್ ಹಾಕಿಕೊಂಡು ಬಂದು, "ನಾನೂ ಬರ್ತೀನಿ" ಎಂದರು. ಯಾರಿಗೂ ಬೇಡವೆನ್ನುವ ಧೈರ್ಯ ಬರಲಿಲ್ಲ.

ಪಂದ್ಯದ ಜಾಗ ಕಸರಾನಿಯ ದೊಡ್ಡ ಸ್ಟೇಡಿಯಂ ಅಲ್ಲ. ಅದೇ ಕಡೆಯ ಒಂದು ಸಣ್ಣ ಮೈದಾನ. ಗೋಲಿನ ಹಿಂದೆ ತಂತಿಬೇಲಿ, ಬೇಲಿಯ ಹಿಂದೆ ನಾಲ್ಕಾರು ಸಾಲು ಸಿಮೆಂಟಿನ ಮೆಟ್ಟಿಲು. ಜನ ಹೆಚ್ಚಿರಲಿಲ್ಲ. ನಾದಿನಿ, ನನ್ನ ಹೆಂಡತಿ, ನಾನು, ಅತ್ತೆ, ಹೀಗೆ ಸಾಲಾಗಿ ಕುಳಿತೆವು. ಮೊದಲರ್ಧದಲ್ಲಿ ಷಡ್ಡಕ ನಿಂತದ್ದು ಆಚೆಯ ತುದಿಯ ಗೋಲಿನಲ್ಲಿ. ಅತ್ತೆಯವರಿಗೆ ದೂರದ ನೋಟ ಮಂಜು. ಅಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಬಹಳ ನಿರಾಳವಾಗಿ ಆಟ ನೋಡಿದರು. ಇಷ್ಟೇನಾ, ಇದಕ್ಕಾ ನಾನು ಇಷ್ಟು ದಿನ ಹೆದರಿದ್ದು ಎಂದು ಬ್ಯಾಗಿನಿಂದ ಕೋಡುಬಳೆ ತೆಗೆದು ಹಂಚಿದರು. ಎರಡೂ ಕಡೆ ಗೋಲಿಲ್ಲದೆ ವಿರಾಮವಾಯಿತು.

ವಿರಾಮದ ನಂತರ ತಂಡಗಳು ತುದಿ ಬದಲಾಯಿಸುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಷಡ್ಡಕ ನಡೆದು ಬಂದು ನಮ್ಮ ಮುಂದಿನ ಗೋಲಿನಲ್ಲಿ, ಬೇಲಿಯ ಆಚೆಗೇ, ಬೆನ್ನು ಕಾಣುವಂತೆ ನಿಂತ. ಅತ್ತೆಯವರ ಕೈಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಈಗ ಪ್ರತಿಯೊಂದೂ ಕಾಣುತ್ತದೆ. ಚೆಂಡು ಅವನ ಎದೆಗೆ ಬಡಿಯುವ ಸದ್ದು ಕೇಳುತ್ತದೆ. ಬೂಟುಕಾಲಿನವರು ಅವನ ಮೇಲೆ ಹಾರಿ ಬರುವುದು ಕಾಣುತ್ತದೆ. ಅವನು ಬಿದ್ದಾಗೊಮ್ಮೆ ಅತ್ತೆಯವರು ನನ್ನ ಮೊಣಕೈ ಹಿಂಡಿದರು. ಆ ಅರ್ಧದಲ್ಲಿ ಅವನು ಆಡಿದಂತೆ ಆಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಿದ್ದ, ಎದ್ದ, ಹಾರಿದ, "ಹಿಂದೇ", "ಹೊಡೀ" ಎಂದು ಕೀರಿದ. ಗಡಿಯಾರ ಮುಂದೆ ಹೋಗುತ್ತಿತ್ತು. ಗೋಲಿಲ್ಲ. ಇನ್ನು ಕೆಲವೇ ನಿಮಿಷ. ನಾದಿನಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು.

ಆಗ ಆ ಕಡೆಯಿಂದ ಒಂದು ಉದ್ದನೆಯ ಚೆಂಡು ಬಂತು. ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಆ ಎತ್ತರದ ಡಿಫೆಂಡರ್ ಅದರ ಹತ್ತಿರವೇ ಇದ್ದ. ಒಂದು ಒದೆ ಒದ್ದು ದೂರಕ್ಕೆ ಕಳಿಸಿದ್ದರೆ ಮುಗಿಯುತ್ತಿತ್ತು. ಎದುರಾಳಿಯ ಗೂಳಿಯಂಥ ಸ್ಟ್ರೈಕರ್ ಒಬ್ಬ ನೆಲ ನಡುಗಿಸುತ್ತಾ ಓಡಿ ಬರುತ್ತಿದ್ದ. ಎದುರಿನಿಂದ ಷಡ್ಡಕನೂ ಎರಡು ಹೆಜ್ಜೆ ಮುಂದೆ ಬಂದ. ಅತ್ತೆಯವರಿಗೆ ಚೆಂಡು ಕಾಣಲಿಲ್ಲ, ಡಿಫೆಂಡರ್ ಕಾಣಲಿಲ್ಲ, ಲೀಗು, ಪರ್ಮಿಟ್ಟು ಯಾವುದೂ ಕಾಣಲಿಲ್ಲ. ಆ ಗೂಳಿ ಮತ್ತು ತಮ್ಮ ಅಳಿಯ, ಇಬ್ಬರೇ ಕಂಡರು. ಎದ್ದು ನಿಂತು, ತಂತಿಬೇಲಿ ಹಿಡಿದು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು:

"ಬಿಡೂ!"

ಡಿಫೆಂಡರ್ ಬಿಟ್ಟ.

ಏಕೆ ಬಿಡುವುದಿಲ್ಲ? ಹಿಂದಿನಿಂದ, ಗೋಲಿನ ಕಡೆಯಿಂದ, ಅದೇ ಮಾತು, ಅದೇ ಕೀರಲು, ಅದೇ ಎಳೆತ. ಇದು ಕೀಪರ್‌ನ ಚೆಂಡು, ನೀನು ಮುಟ್ಟಬೇಡ ಎಂದು ಅವನಿಗೆ ಕಲಿಸಿದ ಮಾತು. ಒದೆಯಲು ಎತ್ತಿದ ಕಾಲನ್ನು ಶಿಸ್ತಾಗಿ ಪಕ್ಕಕ್ಕೆ ತೆಗೆದುಕೊಂಡ. ಚೆಂಡು ಉರುಳಿ ಮುಂದೆ ಹೋಯಿತು. ಡಿಫೆಂಡರ್ ಹೊಡೆಯುತ್ತಾನೆಂದು ನಂಬಿದ್ದ ಷಡ್ಡಕ ಇನ್ನೂ ಅರ್ಧ ದಾರಿಯಲ್ಲಿದ್ದ. ಸ್ಟ್ರೈಕರ್ ತಲುಪುವುದಕ್ಕೂ ಇವನು ಅವನ ಕಾಲಿನ ಮೇಲೆ ತಲೆ ಮುಂದು ಮಾಡಿ ಹಾರುವುದಕ್ಕೂ ಸರಿಹೋಯಿತು. ಬೂಟು ಹುಬ್ಬಿಗೆ ತಗುಲಿತು. ಚೆಂಡು ಯಾರದೋ ಮೊಣಕಾಲಿಗೆ ಬಡಿದು, ಅವಸರವೇ ಇಲ್ಲದಂತೆ ಹೊರಳುತ್ತಾ ಹೊರಳುತ್ತಾ ಗೋಲಿನೊಳಗೆ ಬಂದು, ನಮ್ಮ ಮುಂದೆಯೇ, ಅತ್ತೆಯವರು ಹಿಡಿದಿದ್ದ ಬೇಲಿಯ ಎದುರಿನ ಬಲೆಯಲ್ಲಿ ನಿಂತಿತು.

ಆಮೇಲಿನ ಕೆಲವು ನಿಮಿಷಗಳಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ರೆಫರಿ ಕೊನೆಯ ಸೀಟಿ ಊದಿದ. ಆಟಗಾರರು ಇದ್ದಲ್ಲೇ ಕುಸಿದು ಕುಳಿತರು. ಮ್ಯಾನೇಜರ್ ನೇರವಾಗಿ ಬಂದು ಆ ಎತ್ತರದ ಡಿಫೆಂಡರನ್ನು ಹಿಡಿದುಕೊಂಡ. ಕಾಲ ಬಳಿ ಇದ್ದ ಚೆಂಡನ್ನು ಯಾಕೆ ಬಿಟ್ಟೆ ಎಂದು ಕೂಗಾಡಿದ. ಡಿಫೆಂಡರ್ ಅಳುತ್ತಿದ್ದ. ಕೀಪರ್ ಬಿಡು ಎಂದ, ಬಿಟ್ಟೆ ಎಂದ. ಎಲ್ಲರೂ ಷಡ್ಡಕನ ಕಡೆ ತಿರುಗಿದರು. ಅವನು ಹುಬ್ಬಿನ ರಕ್ತವನ್ನು ಅಂಗಿಯ ತೋಳಿನಲ್ಲಿ ಒರೆಸಿಕೊಂಡು, ಒಮ್ಮೆ ಬೇಲಿಯ ಕಡೆ ನೋಡಿದ. ಅತ್ತೆಯವರು ಇನ್ನೂ ತಂತಿಯನ್ನು ಹಿಡಿದೇ ನಿಂತಿದ್ದರು. ಆಮೇಲೆ ಮ್ಯಾನೇಜರನಿಗೆ ಇಂಗ್ಲಿಷಿನಲ್ಲಿ, ಹೌದು, ನಾನೇ ಹೇಳಿದೆ, ತಪ್ಪು ನನ್ನದು ಎಂದ. ಡಿಫೆಂಡರನ ತಲೆಯನ್ನು ಒಮ್ಮೆ ಎದೆಗೆ ಒತ್ತಿಕೊಂಡು, ಅವನನ್ನು ಒಳಗೆ ಕಳಿಸಿದ.

ಮೈದಾನ ಖಾಲಿಯಾದ ಮೇಲೆ ಅವನು ಸುತ್ತಿಕೊಂಡು ನಾವು ಕುಳಿತಿದ್ದ ಮೆಟ್ಟಿಲಿಗೆ ಬಂದ. ನಾದಿನಿ ಅವನ ಹುಬ್ಬಿಗೆ ಪ್ಲಾಸ್ಟರ್ ಹಾಕಿದಳು. ನನ್ನ ಹೆಂಡತಿ ಆಚೆ ತಿರುಗಿಕೊಂಡು ಕುಳಿತಿದ್ದಳು. ಅವನು ಅತ್ತೆಯ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕುಳಿತ. ಹಾಗೆ ಕುಳಿತರೆ ಇಬ್ಬರ ಎತ್ತರವೂ ಒಂದೇ ಆಗುತ್ತಿತ್ತು.

ಅತ್ತೆಯವರೇ ಮೊದಲು ಬಾಯಿಬಿಟ್ಟರು. "ಆ ಹುಡುಗ ಬಿಟ್ಟಿದ್ದು ನನ್ನ ಮಾತು ಕೇಳಿ. ಅಲ್ವೇನಪ್ಪಾ?"

"ಇಲ್ಲ ಅಮ್ಮ. ನಾನು ಹೇಳಿದ್ದು."

"ಸುಳ್ಳು ಹೇಳ್ಬೇಡ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ. ಯಾರು ಸುಳ್ಳು ಹೇಳ್ತಾರೆ ಅಂತ ನಂಗೆ ಗೊತ್ತಾಗತ್ತೆ."

ಅವನು ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚಿದ. ತನಗೆ ಬರುವ ಕನ್ನಡವನ್ನೆಲ್ಲ ಒಂದು ಕಡೆ ಕೂಡಿಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ.

"ಅಮ್ಮ, ಇಷ್ಟು ವರ್ಷ, ಎಲ್ಲಾ ಊರಲ್ಲಿ, ಎಲ್ಲಾರೂ ಹಿಡಿ ಅಂತಾರೆ. ಹಿಡಿ, ಹಿಡಿ, ಹಿಡಿ. ಬಿಡು ಅಂದಿದ್ದು ನೀನು ಒಬ್ಬಳೇ."

ಅತ್ತೆಯವರು ಸೆರಗಿನಿಂದ ಅವನ ಕೆನ್ನೆಯ ಮೇಲೆ ಒಣಗುತ್ತಿದ್ದ ರಕ್ತವನ್ನು ಒರೆಸತೊಡಗಿದರು. ರೇಷ್ಮೆಯಲ್ಲಿ ಅದು ಹೋಗುತ್ತಿರಲಿಲ್ಲ. ಬೈಯುವ ದನಿಯಲ್ಲೇ ಕೇಳಿದರು:

"ಹೇಳಿದ್ನಲ್ಲ, ಮತ್ತೆ ಯಾಕೆ ಬಿಡ್ಲಿಲ್ಲ? ಯಾಕೆ ಹೋಗಿ ಅವನ ಕಾಲಿಗೆ ತಲೆ ಕೊಟ್ಟೆ?"

"ಬಿಟ್ರೆ ನಾವು ನಿನ್ನ ಬಿಟ್ಟು ಹೋಗ್ಬೇಕಲ್ಲ, ಅಮ್ಮ."

ಕಾರು ತರುತ್ತೇನೆ ಎಂದು ಹೇಳಿ ನಾನು ಎದ್ದು ಹೊರಟೆ. ಕಾರು ಅಲ್ಲೇ, ಎದುರಿಗೇ ನಿಂತಿತ್ತು.